‘ನಾಳೆ ಬರೀತೀನಿ’ ಅನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಬರವಣಿಗೆ ಗುಂಪಿನಲ್ಲಿ ಈ ವಾರವೂ ಅರ್ಧ ಜನ ಬರಹ ಕಳಿಸಿಲ್ಲ. ಅದರಲ್ಲಿ ನಾನೂ ಇದ್ದೇನೆ, ಹಾಗಾಗಿ ಬೈಗುಳ ಇಲ್ಲ!

ಕೆಲಸ ಮುಂದೂಡುವುದು ಬರೀ ಸೋಮಾರಿತನ ಅಲ್ಲ. ಆ ಕೆಲಸ ನೆನೆದರೆ ಅಳುಕು, ಬೇಸರ ಬರುತ್ತದಲ್ವಾ, ಮನಸ್ಸು ಅದರಿಂದ ತಪ್ಪಿಸಿಕೊಳ್ಳುತ್ತದೆ. ಮುಂದೂಡಿದ ಕೂಡಲೇ ಹಾಯೆನಿಸುತ್ತದೆ. ಅದಕ್ಕೇ ಚಟವಾಗುತ್ತದೆ. 2010ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿ ಆಮೇಲೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ಸುಮ್ನೆ ನಿಮ್ಮನ್ನೇ ಬೈದುಕೊಳ್ಳಬೇಡಿ.

‘ಆಮೇಲೆ’ ಬಿಡಿ. ‘ಊಟ ಆದ ಕೂಡಲೇ, ಮೇಜಿನ ಮುಂದೆ ಕೂತು, ಮೊದಲ ಸಾಲು’ ಅಂತ ಗೊತ್ತುಮಾಡಿಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಈ ಗುಂಪಿನ ಮೆಸೇಜನ್ನೂ ಆಮೇಲೆ ನೋಡಿದರಾಯಿತು.

ಶನಿವಾರ ರಾತ್ರಿಯೊಳಗೆ ಒಂದು ಪ್ಯಾರಾ ಆದರೂ ಹಾಕಿ.