ಜನವರಿಯಿಂದ ನಮ್ಮ ಶಾಲೆಯಲ್ಲಿ ಎರಡು ಭಾಷೆ: ಪೋಷಕರಿಗೆ ಒಂದು ಪತ್ರ

ಊರಿನ ಪ್ರಾಥಮಿಕ ಶಾಲೆ
ತೊತೊನಿಕಪಾನ್ ಪ್ರಾಂತ್ಯ, ಗ್ವಾಟೆಮಾಲಾ
ನವೆಂಬರ್ ತಿಂಗಳು

ಪ್ರೀತಿಯ ತಂದೆ ತಾಯಂದಿರಿಗೆ, ಮನೆಯ ಅಜ್ಜ ಅಜ್ಜಿಯರಿಗೆ,

ಎಲ್ಲರಿಗೂ ನಮಸ್ಕಾರ. ಈಗ ಮುಸುಕಿನ ಜೋಳ ಮುರಿಯುವ ಕಾಲ. ಯಾರಿಗೂ ಕೂತು ಮಾತಾಡಲು ಪುರುಸೊತ್ತಿಲ್ಲ. ಕೆಲವರು ಕಾಫಿ ಕೊಯ್ಲಿಗೆ ಬೆಟ್ಟ ಇಳಿಯಲು ಗಂಟುಮೂಟೆ ಕಟ್ಟುತ್ತಿದ್ದೀರಿ. ನೀವು ಹೊರಡುವ ಮೊದಲೇ ಈ ಪತ್ರ ಕೈ ಸೇರಲಿ ಅಂತ ಬರೆಯುತ್ತಿದ್ದೇನೆ. ಹಾಳೆಯ ಒಂದು ಮಗ್ಗುಲಲ್ಲಿ ನಮ್ಮ ಮನೆಮಾತು ಕಿಚೇ ಇದೆ, ಇನ್ನೊಂದು ಮಗ್ಗುಲಲ್ಲಿ ಸ್ಪ್ಯಾನಿಷ್. ಓದಲು ಬಾರದವರಿಗೆ ದೊಡ್ಡ ಮಕ್ಕಳು ಓದಿ ಹೇಳಲಿ. ಕಿಚೇ ಓದುವಾಗ ಅವರು ತಡವರಿಸಿದರೆ ಬೈಯಬೇಡಿ. ಅದನ್ನು ಓದಲು ನಾವು ಅವರಿಗೆ ಇಲ್ಲಿಯವರೆಗೆ ಕಲಿಸಿಯೇ ಇಲ್ಲ.

ಊರ ಸಭೆಯಲ್ಲಿ ನೀವೇ ತೀರ್ಮಾನಿಸಿದ ಹಾಗೆ, ಬರುವ ಜನವರಿಯಿಂದ ಶಿಶುವರ್ಗ ಮತ್ತು ಒಂದನೇ ತರಗತಿ ನಮ್ಮ ಮಾತಿನಲ್ಲಿ ಶುರುವಾಗುತ್ತವೆ. ಹೊಸ ಕೋಣೆಗೆ ತಗಡು ಹೊದಿಸಿ ಆಯಿತು. ಇಡೀ ಕೆಲಸ ಕಾಶ್ಕೊಲ್‌ನಲ್ಲೇ, ಅಂದರೆ ಊರಿಗಾಗಿ ಮಾಡುವ ಸೇವೆಯಲ್ಲೇ, ನಡೆಯಿತು. ಒಂದು ಕೆತ್ಸಾಲ್ ಕೂಲಿಯನ್ನೂ ಕೇಳದೆ ಮನೆಗೊಬ್ಬರಂತೆ ಬಂದು ದುಡಿದಿರಿ. ಮರಳು ಹೊತ್ತವರು, ಪೈನ್ ಹಲಗೆ ಕೊಯ್ದವರು, ಬೆಳಗಿನ ಚಳಿಯಲ್ಲಿ ಬಿಸಿ ಗಂಜಿ ಕಾಯಿಸಿ ತಂದ ತಾಯಂದಿರು, ಯಾರನ್ನೂ ನಾನು ಮರೆಯುವುದಿಲ್ಲ. ನೀರಿನ ಒರತೆ, ಕಾಡು ಕಾಯುವ ಹಾಗೆಯೇ ಈ ಊರು ಶಾಲೆಯನ್ನೂ ತನ್ನದು ಅಂದುಕೊಂಡಿತು.

ಆದರೆ ಸಭೆಯ ದಿನ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ. "ಕಿಚೇ ಮಗುವಿಗೆ ಮನೆಯಲ್ಲೇ ಬರುತ್ತದೆ. ಸ್ಪ್ಯಾನಿಷ್ ಕಲಿಯಲಿ ಅಂತ ತಾನೆ ಶಾಲೆಗೆ ಕಳಿಸುವುದು? ಗೊತ್ತಿರುವ ಭಾಷೆಗೆ ಯಾಕೆ ಹೊತ್ತು ಹಾಳು ಮಾಡಬೇಕು?" ಅಂದರು. ಸುಮಾರು ಜನ ತಲೆಯಾಡಿಸಿದಿರಿ. ಅವತ್ತು ನಾನು ಗಡಿಬಿಡಿಯಲ್ಲಿ ಉತ್ತರ ಕೊಟ್ಟೆ. ಅದು ಸಾಕಾಗಲಿಲ್ಲ.

ಆ ತಾಯಿಯ ಭಯ ಸುಳ್ಳಲ್ಲ. ನಮ್ಮವರು ಕಂಬಳಿ, ಬಟ್ಟೆ ಹೊತ್ತು ರೆತಲುಲೆವು, ಮಸಾತೆನಾಂಗೊ ಸಂತೆಗಳಿಗೆ ಹೋಗುತ್ತಾರೆ. ಸ್ಪ್ಯಾನಿಷ್ ಬಾರದವರಿಗೆ ಅಲ್ಲಿ ಬೆಲೆಯಲ್ಲೂ ಮೋಸ, ತೂಕದಲ್ಲೂ ಮೋಸ. ಆಸ್ಪತ್ರೆಯಲ್ಲಿ ನೋವು ಎಲ್ಲಿ ಅಂತ ಹೇಳಲಾಗದೆ ವಾಪಸು ಬಂದವರನ್ನು ನಾನೂ ಬಲ್ಲೆ. ಅದಕ್ಕೇ ಮೊದಲೇ ಮಾತು ಕೊಡುತ್ತೇನೆ. ನಮ್ಮ ಶಾಲೆಯಲ್ಲಿ ಸ್ಪ್ಯಾನಿಷ್ ಕಡಿಮೆಯಾಗುವುದಿಲ್ಲ. ಆರನೇ ತರಗತಿ ಮುಗಿಸುವ ಮಗು ಈಗಿನದಕ್ಕಿಂತ ಚೆನ್ನಾಗಿ ಸ್ಪ್ಯಾನಿಷ್ ಆಡಬೇಕು, ಬರೆಯಬೇಕು. ನಾನು ಈ ದಾರಿ ಹಿಡಿದಿರುವುದೇ ಅದಕ್ಕಾಗಿ.

ಒಂದನೇ ತರಗತಿಯಲ್ಲಿ ಇಷ್ಟು ವರ್ಷ ಏನು ನಡೆಯುತ್ತಿತ್ತು ಅಂತ ಹೇಳುತ್ತೇನೆ. ಹಲಗೆಯ ಮೇಲೆ "ಮಿ ಮಮಾ ಮೆ ಮಿಮಾ" ಅಂತ ಬರೆಯುತ್ತೇವೆ. ಮಕ್ಕಳು ಒಟ್ಟಿಗೆ ಜೋರಾಗಿ ಓದುತ್ತಾರೆ. ಹೊರಗೆ ನಿಂತು ಕೇಳಿದರೆ ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅನ್ನಿಸುತ್ತದೆ. ಒಂದು ದಿನ ಪಾಠ ನಿಲ್ಲಿಸಿ, ಇದರ ಅರ್ಥ ಏನು ಅಂತ ಕಿಚೇಯಲ್ಲಿ ಕೇಳಿದೆ. ತರಗತಿ ಸ್ತಬ್ಧವಾಯಿತು. ಕೊನೆಗೆ ಒಬ್ಬ ಹುಡುಗ "ಅಮ್ಮ" ಅಂದ. ಅಷ್ಟೇ. ಅಮ್ಮ ನನ್ನನ್ನು ಮುದ್ದು ಮಾಡುತ್ತಾಳೆ ಅನ್ನುವ ಇಷ್ಟು ಚಂದದ ಮಾತನ್ನು ತಿಂಗಳುಗಟ್ಟಲೆ ಓದಿದ್ದರು. ಒಬ್ಬರಿಗೂ ಅದು ತಲುಪಿರಲಿಲ್ಲ. ವರ್ಷದ ಕೊನೆಗೆ ಆ ಮಕ್ಕಳಲ್ಲಿ ಕೆಲವರು ಫೇಲಾಗಿ ಮತ್ತೆ ಅದೇ ಬೆಂಚಿನಲ್ಲಿ ಕೂತರು. ಎರಡನೇ ಸಲವೂ ಆಗದಿದ್ದಾಗ "ಇವನ ತಲೆಗೆ ಓದು ಹತ್ತುವುದಿಲ್ಲ" ಅಂತ ನೀವು ಗುದ್ದಲಿ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋದಿರಿ. ನಿಮ್ಮನ್ನು ದೂರುತ್ತಿಲ್ಲ. ಅವನ ತಲೆ ಚೆನ್ನಾಗಿಯೇ ಇತ್ತು. ಒಂದೇ ಹೊತ್ತಿನಲ್ಲಿ ಗೊತ್ತಿಲ್ಲದ ಅಕ್ಷರ, ಗೊತ್ತಿಲ್ಲದ ಭಾಷೆ ಎರಡನ್ನೂ ನಾವು ಅವನ ಮೇಲೆ ಹೇರಿದೆವು.

ಓದು ಅನ್ನುವುದನ್ನು ಮಗು ಒಂದೇ ಸಲ ಕಲಿಯುತ್ತದೆ. ತಾನು ಆಡುವ ಮಾತಿನಲ್ಲಿ ಅದನ್ನು ಕಲಿತರೆ, ಆಮೇಲೆ ಬೇರೆ ಭಾಷೆಗೆ ಆ ಓದನ್ನು ಜೊತೆಗೇ ಒಯ್ಯುತ್ತದೆ.

ನನ್ನ ಕಥೆಯನ್ನೂ ಹೇಳಬೇಕು. ನಾನು ಓದಿದ ಶಾಲೆಯಲ್ಲಿ ಕಿಚೇ ಮಾತಾಡಿದರೆ ಜೋಳದ ಕಾಳಿನ ಮೇಲೆ ಮಂಡಿಯೂರಿಸುತ್ತಿದ್ದರು. ಮಂಡಿಯ ಗಾಯ ಬೇಗ ಮಾಯಿತು. ಆದರೆ ನಮ್ಮಮ್ಮ ನೆಲಕ್ಕೆ ಬಿದ್ದ ಒಂದು ಕಾಳನ್ನೂ ತುಳಿಯದೆ ಆರಿಸಿ ಇಡುವವಳು. ಮನುಷ್ಯನ ಮೈಯೇ ಜೋಳದಿಂದ ಆದದ್ದು ಅಂತ ನಂಬಿದವಳು. ಆ ಕಾಳಿನ ಮೇಲೆ ಮಂಡಿಯೂರಿ ಬಂದೆ ಅಂತ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಸುಮಾರು ದಿನ ಶಾಲೆಯಲ್ಲಿ ನಾನು ಮಾತಾಡುವುದನ್ನೇ ಬಿಟ್ಟೆ. ಈಗ ಒಂದನೇ ತರಗತಿಯ ಬಾಗಿಲಲ್ಲಿ ಬಾಯಿ ಮುಚ್ಚಿ ನಿಂತ ಮಗುವನ್ನು ನೋಡಿದರೆ ಅದು ನಾನೇ ಅನ್ನಿಸುತ್ತದೆ.

ಪಾಠ ನಡೆಯುವ ರೀತಿ ಹೀಗೆ. ಶಿಶುವರ್ಗ, ಒಂದನೇ ತರಗತಿಯಲ್ಲಿ ಓದು, ಬರಹ, ಲೆಕ್ಕ ಎಲ್ಲ ಕಿಚೇಯಲ್ಲಿ. ಜೊತೆಗೆ ದಿನಾ ಒಂದು ಹೊತ್ತು ಸ್ಪ್ಯಾನಿಷ್ ಆಡುವ ಪಾಠ, ಹಾಡು ಆಟಗಳ ಮೂಲಕ. ಎರಡನೇ ತರಗತಿಯಿಂದ ಸ್ಪ್ಯಾನಿಷ್ ಬರಹ. ನಾಲ್ಕಕ್ಕೆ ಬರುವ ಹೊತ್ತಿಗೆ ಎರಡೂ ಸಮಸಮ. ದೊಡ್ಡ ತರಗತಿಗಳು ಬರುವ ವರ್ಷ ಮೊದಲಿನಂತೆಯೇ ನಡೆಯುತ್ತವೆ. ಅವರಿಗೂ ದಿನಕ್ಕೊಂದು ಪಿರಿಯಡ್ ಕಿಚೇ ಬರಹ ಇರುತ್ತದೆ.

"ನಮ್ಮದು ಬರೀ ಆಡುಮಾತು, ಅದಕ್ಕೆಲ್ಲಿ ಅಕ್ಷರ?" ಅಂತಲೂ ಕೆಲವರು ಕೇಳಿದಿರಿ. ಈ ಮಾತು ನಮ್ಮದಲ್ಲ, ನಮಗೆ ಯಾರೋ ಹೇಳಿಕೊಟ್ಟದ್ದು. ನಮ್ಮ ಹಳೆಯ ಪುರಾಣ ಪೋಪೋಲ್ ವುಹ್ ಅನ್ನು 16ನೇ ಶತಮಾನದಲ್ಲೇ ನಮ್ಮ ಹಿರಿಯರು ಕಿಚೇಯಲ್ಲಿ ಬರೆದಿಟ್ಟರು. 1700ರ ಸುಮಾರಿಗೆ ಚಿಚಿಕಾಸ್ತೆನಾಂಗೊದಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಅದನ್ನು ನಕಲು ಮಾಡಿಕೊಂಡರು. ಆ ಪ್ರತಿ ಈಗ ಷಿಕಾಗೊದ ಒಂದು ಗ್ರಂಥಾಲಯದಲ್ಲಿದೆ. ಅದು ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ. ಈಗ ನಾವು ಬರೆಯುವ ಅಕ್ಷರಮಾಲೆಯನ್ನು 1987ರಲ್ಲಿ ಸರ್ಕಾರವೇ ಒಪ್ಪಿತು. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಈ ದೇಶದಲ್ಲಿ 22 ಮಾಯಾ ಭಾಷೆಗಳಿವೆ. ಅದರಲ್ಲಿ ಜಾಸ್ತಿ ಜನ ಆಡುವ ಭಾಷೆಗಳಲ್ಲಿ ನಮ್ಮದೂ ಒಂದು.

ನಮ್ಮ ಮಾತಿಗೆ ಅದರದೇ ಅಕ್ಷರ ಯಾಕೆ ಬೇಕು ಅಂತ ಒಂದು ಸಣ್ಣ ಉದಾಹರಣೆ ಸಾಕು. ನಾವು ಮನೆಗೆ "ಹಾ" ಅನ್ನುತ್ತೇವೆ. ಅದನ್ನೇ ಕೊನೆಯಲ್ಲಿ ಗಂಟಲು ತಡೆದು ಹೇಳಿದರೆ ನೀರು. ಸ್ಪ್ಯಾನಿಷ್ ಬರಹದಲ್ಲಿ ಆ ತಡೆಗೆ ಗುರುತೇ ಇಲ್ಲ. ನಮ್ಮ ಬರಹದಲ್ಲಿ ಮೇಲೊಂದು ಸಣ್ಣ ಗೀಟು ಹಾಕುತ್ತೇವೆ. ಆರು ವರ್ಷದ ಮಗು ಈ ಗೀಟನ್ನು ಒಂದೇ ದಿನದಲ್ಲಿ ಹಿಡಿಯುತ್ತದೆ. ಕಿವಿಗೆ ಅದು ಹುಟ್ಟಿದಾಗಿನಿಂದ ಗೊತ್ತಲ್ವಾ!

ಲೆಕ್ಕದಲ್ಲೂ ಹಾಗೇ. ಅಜ್ಜಿಯರು 20ಕ್ಕೆ "ಹುವಿನಾಕ್" ಅನ್ನುತ್ತಾರೆ, ಅಂದರೆ ಒಬ್ಬ ಮನುಷ್ಯ. ಕೈಬೆರಳು ಕಾಲ್ಬೆರಳು ಎಲ್ಲ ಸೇರಿ. 40 ಅಂದರೆ "ಕಾವಿನಾಕ್", ಇಬ್ಬರು. ಹಳಬರು ಒಂದಕ್ಕೆ ಚುಕ್ಕೆ, ಐದಕ್ಕೆ ಗೆರೆ, ಸೊನ್ನೆಗೆ ಚಿಪ್ಪು ಬರೆಯುತ್ತಿದ್ದರು. 13 ಬರೆಯಲು ಎರಡು ಗೆರೆ, ಮೇಲೆ ಮೂರು ಚುಕ್ಕೆ. 20 ಬರೆಯಲು ಕೆಳಗೆ ಚಿಪ್ಪು, ಮೇಲೊಂದು ಚುಕ್ಕೆ. ಕಳೆದ ತಿಂಗಳು ಮಕ್ಕಳಿಗೆ ಇದನ್ನು ಆಡಿಸಿ ನೋಡಿದೆ. ಕೂಡುವ ಲೆಕ್ಕವನ್ನು ಯಾರೂ ಬಾಯಿಪಾಠ ಮಾಡಲಿಲ್ಲ. ಐದು ಚುಕ್ಕೆ ಸೇರಿದ ಕೂಡಲೇ ತಾವೇ ತೆಗೆದು ಒಂದು ಗೆರೆ ಇಟ್ಟರು.

ಇದು ನನ್ನೊಬ್ಬಳ ಹುಚ್ಚು ಅಂದುಕೊಳ್ಳಬೇಡಿ. 1980ರ ದಶಕದ ಆರಂಭದಲ್ಲೇ ಕಿಚೇ, ಕಕ್ಚಿಕೆಲ್, ಮಾಮ್, ಕೆಕ್ಚಿ ಭಾಷೆಗಳಲ್ಲಿ ಇಂಥ ಶಾಲೆಗಳನ್ನು ನಡೆಸಿ ನೋಡಿದ್ದಾರೆ. ಇಂಥ ಶಾಲೆಗಳಲ್ಲಿ ಮಕ್ಕಳು ಫೇಲಾಗುವುದೂ ಕಡಿಮೆ, ಶಾಲೆ ಬಿಡುವುದೂ ಕಡಿಮೆ ಅಂತ ಪಾಟ್ರಿನೋಸ್, ವೇಲೆಸ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಲೆಕ್ಕ ಸಮೇತ ಪ್ರಕಟಿಸಿದರು. 1985ರ ಸಂವಿಧಾನದ 76ನೇ ವಿಧಿ ನಮ್ಮಂಥ ಊರುಗಳಲ್ಲಿ ಎರಡು ಭಾಷೆಯ ಪಾಠ ಇರಲಿ ಅನ್ನುತ್ತದೆ. 2003ರಲ್ಲಿ ನಮ್ಮ ಭಾಷೆಗಳಿಗೆಂದೇ ಒಂದು ಕಾನೂನು ಬಂತು. ಆದರೆ ಕಾಗದದಲ್ಲಿ ಇರುವುದು ತರಗತಿಗೆ ತಾನಾಗಿ ಬರುವುದಿಲ್ಲ. ಎಷ್ಟೋ ಕಡೆ ಬೋರ್ಡು ಮಾತ್ರ ಎರಡು ಭಾಷೆಯದು, ಒಳಗೆ ಪಾಠ ಸ್ಪ್ಯಾನಿಷಿನಲ್ಲೇ. ಮಾಮ್ ಆಡುವ ಊರಿಗೆ ಕಿಚೇ ಮೇಷ್ಟ್ರನ್ನು ಹಾಕಿದರೆ ಏನು ಪ್ರಯೋಜನ? ಅದಕ್ಕೇ ಹೊಸ ತರಗತಿಗೆ ನಮ್ಮ ಊರಿನಲ್ಲೇ ಹುಟ್ಟಿ ಬೆಳೆದವರೇ ಬೇಕು ಅಂತ ನಾವು ಹಟ ಹಿಡಿದೆವು. ಪಾಠ ಹೇಳುವವರು ನಿಮ್ಮ ನೆಂಟರ ಮಗಳೇ.

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತೇನೆ. ಕೆಲವು ಮನೆಗಳಲ್ಲಿ ಮಕ್ಕಳ ಜೊತೆ ಕಿಚೇ ಆಡುವುದನ್ನು ಬಿಟ್ಟಿದ್ದೀರಿ. ಕೆಲವರು ಹೆದರಿ ಬಿಟ್ಟಿರಿ ಅಂತ ನನಗೆ ಗೊತ್ತು. ನಮ್ಮ ದೇಶದೊಳಗೇ ನಡೆದ 36 ವರ್ಷದ ಯುದ್ಧದಲ್ಲಿ 2,00,000ಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಅಂತ 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ಉಟ್ಟ ಬಟ್ಟೆ, ಆಡುವ ಮಾತು ಎರಡೂ ಜೀವಕ್ಕೆ ಅಪಾಯವಾಗಿದ್ದ ದಿನಗಳವು. ಮಕ್ಕಳು ಉಳಿಯಲಿ ಅಂತ ನೀವು ಮಾತು ಬದಲಿಸಿದಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಮಕ್ಕಳಿಗೂ ಜಾಗ ಇದೆ. ಅವರು ಕಿಚೇಯನ್ನು ಹೊಸದಾಗಿ ಕಲಿಯುತ್ತಾರೆ. ಅಜ್ಜಿಯ ಜೊತೆ ದಿನಾ ಒಂದಿಷ್ಟು ಹೊತ್ತು ಬಿಡಿ, ಸಾಕು.

ಮನೆಯಲ್ಲಿ ಕಿಚೇಯನ್ನೇ ಆಡಿ. ಶಾಲೆಗೆ ಸಹಾಯ ಆಗಲಿ ಅಂತ ಅರೆಬರೆ ಸ್ಪ್ಯಾನಿಷ್ ಬೇಡ. ನೀವು ತುಂಬು ಬಾಯಲ್ಲಿ ಆಡುವ ಮಾತೇ ಮಗುವಿಗೆ ಬೇಕು. ಹೆಣ್ಣುಮಕ್ಕಳನ್ನು ತಪ್ಪದೆ ಕಳಿಸಿ. ನೀವೇ ನೇಯ್ದ ಪೋತ್ (ರವಿಕೆ), ಉಕ್ (ಲಂಗ) ಉಟ್ಟುಕೊಂಡೇ ಬರಲಿ, ಸಮವಸ್ತ್ರದ ಒತ್ತಾಯ ಇಲ್ಲ. ಕಾಫಿ ಕೊಯ್ಲು ಮುಗಿಯದೆ ಜನವರಿಯಲ್ಲಿ ಬರಲಾಗದಿದ್ದರೆ, ಹೋಗುವ ಮುಂಚೆ ಹೆಸರು ಬರೆಸಿ ಹೋಗಿ. ಫೆಬ್ರವರಿಗೆ ಬಂದರೂ ಆ ಮಗುವಿನ ಜಾಗ ಹಾಗೇ ಇರುತ್ತದೆ. ಹೆಸರು ಬರೆಸಲು ಜನನ ಪತ್ರ ಸಾಕು, ದುಡ್ಡು ಬೇಡ. ಅಜ್ಜ ಅಜ್ಜಿಯರಲ್ಲಿ ಕಥೆ ಬಲ್ಲವರು, ಮಗ್ಗ ಬಲ್ಲವರು ವಾರಕ್ಕೊಮ್ಮೆ ತರಗತಿಗೆ ಬನ್ನಿ. ನಿಮಗೆ ಅಕ್ಷರ ಬಾರದಿದ್ದರೂ ಪರವಾಗಿಲ್ಲ. ಮಕ್ಕಳು ನಿಮ್ಮ ಕಥೆಯನ್ನು ಬರೆದುಕೊಳ್ಳುತ್ತಾರೆ. ಅದೇ ಅವರ ಮೊದಲ ಪುಸ್ತಕ ಆಗುತ್ತದೆ.

ಮೊದಲ ದಿನ ಪ್ರತಿ ಮಗುವಿನ ಕೈಯಲ್ಲಿ ಚುಕ್ಕೆಗೆ ಒಂದು ಹಿಡಿ ಹುರುಳಿಕಾಯಿ ಬೀಜ, ಗೆರೆಗೆ ಬೆರಳುದ್ದದ ನಾಲ್ಕು ಕಡ್ಡಿ ಕೊಟ್ಟು ಕಳಿಸಿ. ಸೊನ್ನೆಗೆ ಚಿಪ್ಪು ಬೇಕು, ನಮ್ಮ ಬೆಟ್ಟದಲ್ಲಿ ಅದು ಸಿಗುವುದಿಲ್ಲ. ಚಾಂಪೆರಿಕೊ ಕಡೆ ವ್ಯಾಪಾರಕ್ಕೆ ಹೋಗುವವರು ಸಮುದ್ರದ ದಂಡೆಯಿಂದ ಒಂದು ಚೀಲ ಆರಿಸಿ ತನ್ನಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ