ಮಗಳಿಗೊಂದು ಪತ್ರ: ಶನಿವಾರದೊಳಗೆ ಹೇಳಬೇಕಲ್ಲ

ಪುಟ್ಟೀ,

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಮಳೆ ನುಂಗಿತು. ಮೂರು ದಿನದಿಂದ ಕರೆಂಟಿಲ್ಲ. ತೋಟದ ಮೇಲಿನ ದರೆ ಹತ್ತಿ ನಿಂತರೆ ಮಾತ್ರ ಒಂದು ಗೆರೆ ಸಿಗ್ನಲ್ಲು. ನಾಳೆ ದೊಡ್ಡಪ್ಪ ಶಿವಮೊಗ್ಗಕ್ಕೆ ವಾಪಸು ಹೊರಡುತ್ತಾರೆ, ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ನನಗೆ ಕೇಳಿಸಿದ್ದಿಷ್ಟು. ಶಾಲೆಯ ಬ್ಯಾಂಡಿಗೆ ನೀನು ಸೇರಿದ್ದೀಯ, ಶನಿವಾರದೊಳಗೆ ಯಾವ ವಾದ್ಯ ಅಂತ ಹೇಳಬೇಕು, ನೀನು ಕೊಳಲು ಅಂತ ಹೇಳಿಬಿಡುತ್ತೀಯ, ಯಾಕೆಂದರೆ ಅದು ಹಗುರ, ಚೀಲದಲ್ಲಿ ಹಿಡಿಸುತ್ತದೆ, ಹುಡುಗಿಯರೆಲ್ಲ ಅದನ್ನೇ ತಗೊಂಡಿದ್ದಾರೆ. ಕೊಳಲಿನ ದನಿ ಇಷ್ಟ ಅನ್ನುವ ಮಾತು ಮಾತ್ರ ಎಲ್ಲೂ ಬರಲಿಲ್ಲ. ಮಳೆಯಲ್ಲಿ ಅದೊಂದೇ ಕೇಳಿಸದೆ ಹೋಯಿತೋ ಏನೋ.

ಕೊಳಲು ಹಗುರ ನಿಜ, ಸುಲಭ ಅಲ್ಲ. ಊದುವ ತೂತಿನ ಅಂಚಿಗೆ ಗಾಳಿ ಸರಿಯಾಗಿ ತಾಗಿದರೆ ಮಾತ್ರ ನಾದ, ಸ್ವಲ್ಪ ಆಚೀಚೆ ಆದರೆ ಬರೀ ಉಸ್ ಅನ್ನುತ್ತದೆ. ಮೊದಮೊದಲು ತಲೆ ಸುತ್ತುವುದೂ ಉಂಟು. ನಿನ್ನ ಮಾವ ಮದುವೆ ಸೀಸನ್ನಿನಲ್ಲಿ ಬ್ಯಾಂಡ್ ಸೆಟ್ಟಿನ ಜೊತೆ ಕ್ಲಾರಿನೆಟ್ ಊದಲು ಹೋಗುತ್ತಾನಲ್ಲ, ಅವನನ್ನು ಕೇಳಿದೆ. ಹೊಸಬರು ಏನು ಹಿಡಿದರೂ ಆರು ತಿಂಗಳು ಕೆಟ್ಟದಾಗಿಯೇ ನುಡಿಸುತ್ತಾರೆ, ಯಾವುದರ ಕೆಟ್ಟ ಶಬ್ದ ಕೇಳಿಯೂ ಬೇಜಾರಾಗುವುದಿಲ್ಲವೋ ಅದನ್ನೇ ತಗೊಳ್ಳಲಿ ಅಂದ. ಅವನ ಬಾಯಲ್ಲಿ ಇಷ್ಟು ಒಳ್ಳೆಯ ಮಾತು ಬಂದದ್ದು ನನಗೇ ಆಶ್ಚರ್ಯ.

ಟ್ರಂಪೆಟ್ಟು ಈಗ ಬೇಡ. ಅದಕ್ಕಿರುವುದು ಮೂರೇ ಗುಂಡಿ, ಉಳಿದ ಕೆಲಸವೆಲ್ಲ ತುಟಿಯದು. ತುಟಿ ಅದುರಿಸಿಯೇ ದನಿ ಹುಟ್ಟಿಸಬೇಕು, ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಬಿಟ್ಟರೆ ಕೆಳಗಿನದು. ನಿನ್ನ ಹಲ್ಲಿಗೆ ತಂತಿ ಇದೆ, ಮೇಲಿಂದ ಹಿತ್ತಾಳೆ ಒತ್ತಿದರೆ ತುಟಿ ಒಳಗಡೆ ಹುಣ್ಣಾಗುತ್ತದೆ. ಕ್ಲಾರಿನೆಟ್ ನೋಡಬಹುದು. ಆದರೆ ಅದರ ರೀಡು ಜೊಂಡಿನ ಜಾತಿಯ ಕಡ್ಡಿಯಿಂದ ಮಾಡಿದ ತೆಳ್ಳಗಿನ ಪಟ್ಟಿ. ಸವೆಯುತ್ತದೆ, ಸೀಳುತ್ತದೆ, ಆಗಾಗ ಹೊಸದು ಕೊಳ್ಳಬೇಕು. ಊದಿದ ಮೇಲೆ ಪ್ರತಿ ಸಲ ಬಿಚ್ಚಿ ಒಳಗೆ ಬಟ್ಟೆ ಎಳೆದು ಒರೆಸಬೇಕು. ಈ ಮಳೆಗಾಲದಲ್ಲಿ ನಮ್ಮನೆಯ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಮಾವನ ಪೆಟ್ಟಿಗೆಯ ಗತಿ ಕೇಳಲೇಬೇಡ. ಹಗುರ ಅಂತಲೇ ವಾದ್ಯ ಆರಿಸಬೇಕೆಂದಿಲ್ಲ. ಕದ್ರಿ ಗೋಪಾಲನಾಥರು ನಾಗಸ್ವರದವರ ಮನೆಯ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದರ ಹಿಂದೆ ಬಿದ್ದವರು. ಅದೇನೂ ಚೀಲದಲ್ಲಿ ಹಿಡಿಸುವ ವಾದ್ಯ ಅಲ್ಲ.

ಈಗ ಒಂದು ವಿಷಯ ಹೇಳುತ್ತೇನೆ, ನಗಬೇಡ. ಹೈಸ್ಕೂಲಿನಲ್ಲಿ ನಾನೂ ಬ್ಯಾಂಡಿನಲ್ಲಿದ್ದೆ ಅಂತ ಹೇಳಿಕೊಳ್ಳುತ್ತಿರುತ್ತೇನಲ್ಲ, ಏನು ಬಾರಿಸುತ್ತಿದ್ದೆ ಅಂತ ಯಾವತ್ತೂ ಹೇಳಿಲ್ಲ. ತಾಳ. ಎರಡು ದೊಡ್ಡ ಹಿತ್ತಾಳೆ ತಟ್ಟೆ. ನನಗೆ ಬೇಕಿದ್ದದ್ದು ಸೈಡ್ ಡ್ರಮ್ಮು. ಅದು ಗಂಡುಹುಡುಗರಿಗೆ ಅಂದರು ಮೇಷ್ಟ್ರು, ನಾನೂ ಸುಮ್ನೆ ತಲೆಯಾಡಿಸಿದೆ. ಮೂರು ವರ್ಷ, ಆಗಸ್ಟ್ 15 ಬಂದರೂ ಜನವರಿ 26 ಬಂದರೂ, ಮುಂದಿನ ಸಾಲಿನ ಡ್ರಮ್ಮಿನ ಹುಡುಗನ ಕೈಯನ್ನೇ ನೋಡುತ್ತಾ ನಡೆದೆ. ಅವನ ಪೆಟ್ಟು ತಪ್ಪಿದರೆ ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಹಾಗಂತ ನನ್ನ ಆಸೆಯನ್ನು ನಿನ್ನ ಹೆಗಲಿಗೆ ನೇತುಹಾಕುತ್ತಿಲ್ಲ. ಊಟಕ್ಕೆ ಕೂತರೆ ತಟ್ಟೆ ಬಡಿಯುವವಳು ನೀನು, ಸ್ನಾನಕ್ಕೆ ಹೋದರೆ ಬಕೆಟ್ಟು ಬಡಿಯುವವಳೂ ನೀನೇ. ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದರೆ ಬಣ್ಣದ ವೇಷ ನೋಡುವುದು ಬಿಟ್ಟು ಬೆಳಗಿನವರೆಗೆ ಚಂಡೆಯವರ ಕೈ ನೋಡಿದವಳೂ ನೀನೇ. ಇದೆಲ್ಲ ನಾನು ಹೇಳಿಕೊಟ್ಟದ್ದಲ್ಲ, ಅಲ್ವಾ?

ಸೈಡ್ ಡ್ರಮ್ಮಿಗೆ ರಾಗ ಇಲ್ಲ, ಅದೊಂದು ಕೊರತೆ. ಹೆಗಲಿನಿಂದ ಇಳಿಬಿಟ್ಟು ನಡೆಯುವಾಗ ತೊಡೆಗೆ ಬಡಿಯುತ್ತದೆ, ಅದೂ ನಿಜ. ಆದರೆ ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ದೊಡ್ಡ ಡ್ರಮ್ಮು ಎಡಗಾಲಿಗೆ ಗುಡುಗುತ್ತಿದ್ದರೆ ನಡುವಿನ ಜಾಗವನ್ನೆಲ್ಲ ತುಂಬುವುದು ಈ ಚಿಕ್ಕದೇ. ಕೆಳಗಡೆಯ ಮುಚ್ಚಿಗೆಗೆ ತಾಗಿಕೊಂಡು ಸಣ್ಣ ಸಣ್ಣ ತಂತಿಗಳಿರುತ್ತವೆ, ಆ ಚರ್ ಅನ್ನುವ ಸದ್ದು ಅವುಗಳದ್ದು. ಈಗ ಅದಕ್ಕೆ ಚರ್ಮದ ಬದಲು ಹಾಕುವುದು ಪ್ಲಾಸ್ಟಿಕ್ ಹಾಳೆ. ಹಾಗಾಗಿ ಡೊಳ್ಳಿನ ಹಾಗೆ ಥಂಡಿಗೆ ಸಡಿಲವಾಯಿತು ಅಂತ ಬೆಂಕಿಗೆ ಹಿಡಿಯಬೇಕಿಲ್ಲ. ಮಳೆಗಾಲದಲ್ಲೇ ಆಗಸ್ಟ್ 15 ಬರುವ ನಮ್ಮ ಕಡೆಗೆ ಇದು ಸಣ್ಣ ಮಾತಲ್ಲ.

ಮಾವ ಒಂದು ಪಾಠವನ್ನೂ ಹೇಳಿ ಕಳಿಸಿದ್ದಾನೆ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ನಿಧಾನಕ್ಕೆ ಶುರು ಮಾಡಬೇಕಂತೆ, ಕೈ ತಾನಾಗಿ ಓಡುವವರೆಗೆ ಜೋರು ಮಾಡಬಾರದಂತೆ. ನಾನು ಒಲೆ ಮುಂದೆ ಕೂತು ಎರಡು ಸೌದೆ ಚಕ್ಕೆ ಹಿಡಿದು ನೋಡಿದೆ, ನಾಲ್ಕನೇ ಸುತ್ತಿಗೇ ಕೈ ಕೈ ಸಿಕ್ಕಿಕೊಂಡವು. ಅಜ್ಜಿ ಒಂದು ನೋಟ ನೋಡಿದರು, ಏನೂ ಅನ್ನಲಿಲ್ಲ.

ಶನಿವಾರಕ್ಕೆ ಮೊದಲು ನಿಮ್ಮ ಸರ್ ಹತ್ತಿರ ಕೇಳಿ ಕೊಳಲು, ಕ್ಲಾರಿನೆಟ್ಟು, ಡ್ರಮ್ಮು ಮೂರನ್ನೂ ಒಂದೊಂದು ಸಲ ಮುಟ್ಟಿ ನೋಡು. ಡ್ರಮ್ಮು ಗಂಡುಹುಡುಗರಿಗೆ ಅಂತ ಯಾರಾದರೂ ಅಂದರೆ ತಲೆಯಾಡಿಸಬೇಡ. ಕೊಳಲೇ ಅನ್ನಿಸಿದರೆ ಕೊಳಲೇ ತಗೋ, ನಾನು ಒಂದು ಮಾತೂ ಆಡುವುದಿಲ್ಲ.

ದೊಡ್ಡಪ್ಪನ ಚೀಲದಲ್ಲಿ ಹಲಸಿನ ಹಪ್ಪಳ ಇದೆ, ಅಪ್ಪೆಮಿಡಿ ಉಪ್ಪಿನಕಾಯಿ ಇದೆ. ಅದರ ಕೆಳಗೊಂದು ಮರದ ಹಲಗೆ ಇದೆ, ಮೇಲೆ ಹಳೇ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು ಬಡಿದದ್ದು. ತೋಟಕ್ಕೆ ಔಷಧಿ ಹೊಡೆಯಲು ಮಳೆ ಬಿಡಲಿಲ್ಲವಲ್ಲ, ಅಪ್ಪಯ್ಯ ಜಗಲಿಯಲ್ಲಿ ಕೂತು ಮಾಡಿದರು. ಅದರ ಮೇಲೆ ಬಾರಿಸಿದರೆ ಅಕ್ಕಪಕ್ಕದವರಿಗೆ ಕೇಳಿಸುವುದಿಲ್ಲ. ನೀನು ಬೇರೆ ಏನಾದರೂ ತಗೊಂಡರೆ ದೊಡ್ಡಮ್ಮನಿಗೆ ಕೊಡು, ಬಿಸಿ ಪಾತ್ರೆ ಇಡಲು ಆಗುತ್ತದೆ.

ನಿನ್ನ
ಅಮ್ಮ