ಇಲಿಯ ಆಂಟಿಬಾಡಿ ತಿದ್ದಿದ ವರ್ಷಗಳಲ್ಲಿ ಜೊತೆಗಿದ್ದವರಿಗೆ

ಕಳೆದ ತಿಂಗಳ ಕೊನೆಗೆ ನಾನು ಕೆಲಸದಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಮೈಕ್ ಕೈಗೆ ಕೊಟ್ಟರು. ಗಂಟಲು ಕಟ್ಟಿತು, ನಾಲ್ಕು ಮಾತು ಆಡಲೂ ಆಗಲಿಲ್ಲ. ಅವತ್ತು ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ಕೆಲಸ ಪ್ರೋಟೀನ್ ಎಂಜಿನಿಯರಿಂಗ್. ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ. ಇಲ್ಲದಿದ್ದರೆ ಯಾರಿಗೆ ಯಾಕೆ ಋಣಿ ಅನ್ನುವುದು ತಿಳಿಯುವುದಿಲ್ಲ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಆಂಟಿಬಾಡಿಯನ್ನು, ಅಂದರೆ ಹೊರಗಿನಿಂದ ಬಂದದ್ದನ್ನು ಹುಡುಕಿ ಹಿಡಿಯಲು ಮೈ ಮಾಡುವ ಪ್ರೋಟೀನನ್ನು, ಬೇಕಾದಷ್ಟು ತಯಾರಿಸುವ ದಾರಿ ಕಂಡುಕೊಂಡರು. ಕ್ಯಾನ್ಸರ್ ಕೋಶವನ್ನೇ ಹುಡುಕಿ ಹಿಡಿಯುವ ಔಷಧಿ ಇನ್ನೇನು ಬಂತು ಅಂತ ಬಹಳ ಜನ ಆಸೆಪಟ್ಟರು. ಆದರೆ ಆ ಆಂಟಿಬಾಡಿ ಇಲಿಯದ್ದು. ನಮ್ಮ ಮೈ ಅದನ್ನು ಹೊರಗಿನದು ಅಂತ ಗುರುತಿಸಿ, ಅದರ ಮೇಲೇ ಆಂಟಿಬಾಡಿ ಮಾಡಿ ಹೊರಗೆ ಹಾಕುತ್ತಿತ್ತು. 1986ರಲ್ಲಿ ಗ್ರೆಗ್ ವಿಂಟರ್ ಅವರ ತಂಡ ಒಂದು ಉಪಾಯ ತೋರಿಸಿತು. ಗುರಿಯನ್ನು ಹಿಡಿಯುವ ಕುಣಿಕೆಗಳು ಮಾತ್ರ ಇಲಿಯದ್ದು ಇರಲಿ, ಉಳಿದದ್ದೆಲ್ಲ ಮನುಷ್ಯರದ್ದಾಗಲಿ ಅಂತ. ಇಲಿಯ ಆಂಟಿಬಾಡಿಯನ್ನು ಹೀಗೆ ನಮ್ಮ ಮೈಗೆ ಒಗ್ಗುವಂತೆ ತಿದ್ದುವುದರಲ್ಲೇ ನನ್ನ ಇಡೀ ವೃತ್ತಿ ಕಳೆಯಿತು.

ಕುಣಿಕೆ ತೆಗೆದು ಇನ್ನೊಂದರ ಮೇಲೆ ಕೂರಿಸಿದರೆ ಆಯ್ತಲ್ವಾ ಅನ್ನಿಸಬಹುದು. ಆಗುವುದಿಲ್ಲ. ಎಷ್ಟೋ ಸಲ ಕೂರಿಸಿದ ಮೇಲೆ ಹಿಡಿತವೇ ಹೋಗಿಬಿಡುತ್ತದೆ. ಕುಣಿಕೆಯಲ್ಲಿ ಒಂದು ಅಮೈನೋ ಆಮ್ಲವೂ, ಅಂದರೆ ಪ್ರೋಟೀನಿನ ಸರಪಳಿಯ ಒಂದು ಕೊಂಡಿಯೂ, ಬದಲಾಗಿರುವುದಿಲ್ಲ, ಆದರೂ ಹಿಡಿಯುವುದಿಲ್ಲ. ಮೂರು ಗುಂಡಿನ ಒಲೆಯಲ್ಲಿ ಒಂದು ಗುಂಡು ಚೂರು ತಗ್ಗಿದರೂ ಪಾತ್ರೆ ವಾಲುತ್ತದೆ ನೋಡಿ, ಹಾಗೆ. ಕುಣಿಕೆಯ ಅಡಿಯಲ್ಲಿ ಅದನ್ನು ಹೊತ್ತು ನಿಂತ ಕೆಲವು ಅಮೈನೋ ಆಮ್ಲಗಳಿರುತ್ತವೆ. ಅವು ಬದಲಾದರೆ ಮೇಲಿನದು ವಾಲುತ್ತದೆ. 1992ರಲ್ಲಿ ಜೆಫರ್ಸನ್ ಫೂಟ್ ಮತ್ತು ವಿಂಟರ್ ಆ ಜಾಗಗಳನ್ನು ಗುರುತಿಸಿ ವರ್ನಿಯರ್ ವಲಯ ಅಂತ ಕರೆದರು. ಅದರಲ್ಲಿ ಯಾವುದನ್ನು ಇಲಿಯದ್ದಕ್ಕೆ ವಾಪಸ್ ತರಬೇಕು, ಯಾವುದನ್ನು ಮುಟ್ಟಬಾರದು ಅಂತ ಕೂತು ನೋಡುವುದೇ ನಮ್ಮ ಕಸುಬು. ಒಂದೇ ಒಂದು ಜಾಗ ಬದಲಿಸಿ ಹಿಡಿತ ಮರಳಿ ಬಂದ ದಿನ ಊಟ ರುಚಿಸುತ್ತದೆ. ಅಂಥ ದಿನಗಳು ಕಡಿಮೆ.

ಈ ಕಣ್ಣು ನನಗೆ ಕೊಟ್ಟವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ಗುರುಗಳು. ಪ್ರೋಟೀನಿನ ಸರಪಳಿ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ಆಗದು ಅಂತ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ ಮದ್ರಾಸಿನಲ್ಲಿದ್ದಾಗ, 1963ರಲ್ಲಿ ನಕ್ಷೆ ಬರೆದು ತೋರಿಸಿದ್ದರು. ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ಕಟ್ಟಿದ ವಿಭಾಗದಲ್ಲಿ ನಾನು ಪಿಎಚ್‌ಡಿ ಮಾಡಿದೆ. ಅವರ ನಕ್ಷೆಯ ಮುಂದೆ ಇಡದೆ ಪ್ರೋಟೀನಿನ ರಚನೆಯ ಒಂದು ಮಾದರಿಯನ್ನೂ ನಾನು ಮುಂದಕ್ಕೆ ಕಳಿಸಿದವಳಲ್ಲ. ಮನೆಯಲ್ಲಿ ಇಂಗ್ಲಿಷ್ ಗೊತ್ತಿಲ್ಲದ, ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದ ಹುಡುಗಿ ನಾನು. ಸೆಮಿನಾರಿನಲ್ಲಿ ತಡವರಿಸಿದಾಗ ನನ್ನ ಗೈಡ್ "ಕನ್ನಡದಲ್ಲೇ ಹೇಳಮ್ಮ, ವಿಷಯ ಸರಿ ಇದ್ಯಾ ಅಷ್ಟೇ ನೋಡೋಣ" ಅಂದಿದ್ದರು. ಸರ್, ಆ ಮಾತಿಗೆ ಏನು ಕೊಟ್ಟರೂ ಸಾಲದು.

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಜೀವರಸಾಯನ ಕಲಿಸಿದ ಮೇಷ್ಟರುಗಳಿಗೂ, ಹೊರದೇಶದಲ್ಲಿ ಚಳಿಗಾಲಕ್ಕೆ ಕೋಟು ಕೊಡಿಸಿದ ಗೆಳತಿಗೂ ನಮಸ್ಕಾರ.

ಇನ್ನೊಬ್ಬರ ಬಗ್ಗೆ ಮಾತ್ರ ಬೇಗ ಮುಗಿಸಲಾರೆ. ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ. ಬಾಟಲಿಯಲ್ಲಿ ಸೋಪು ಚೂರು ಉಳಿದರೂ ಜೀವಕೋಶಗಳು ಸಾಯುತ್ತವೆ, ಪ್ರಯೋಗ ಹಾಳಾಗುತ್ತದೆ. ಅಕ್ಕ ತೊಳೆದ ಮೇಲೆ ಡಿಸ್ಟಿಲ್ಡ್ ನೀರು ಹಾಕಿ ಮತ್ತೆ ಮತ್ತೆ ಕುಲುಕುತ್ತಿದ್ದರು. ಆಮೇಲೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ನೀರು ಒಂದೇ ಪದರವಾಗಿ ಇಳಿದರೆ ಸರಿ. ಎಲ್ಲಾದರೂ ಹನಿಹನಿಯಾಗಿ ನಿಂತರೆ ಜಿಡ್ಡಿದೆ ಅಂತ ಲೆಕ್ಕ, ಮತ್ತೆ ತೊಟ್ಟಿಗೆ. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ನೋಡಿ ಕಲಿತದ್ದು. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲ ದಿನ ಅವರ ಪಕ್ಕ ನಿಲ್ಲಿಸಿ ಇದನ್ನೇ ತೋರಿಸುತ್ತಿದ್ದೆ. ನಮ್ಮ ಯಾವ ಪೇಪರಿನಲ್ಲೂ ಅಕ್ಕನ ಹೆಸರಿಲ್ಲ. ಇರಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಕ್ಯಾನ್ಸರ್ ಇಮ್ಯುನೊಥೆರಪಿ ಅಂದರೆ ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ತಲೆ ಅಲ್ಲಾಡಿಸುವವರೇ ಜಾಸ್ತಿ. ನಮ್ಮದೇ ರೋಗನಿರೋಧಕ ಶಕ್ತಿ ಗೆಡ್ಡೆಯನ್ನು ತಿನ್ನುವುದು ಸಾಧ್ಯವೇ ಅಂತ ಕೇಳುತ್ತಿದ್ದರು. 2018ರ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ಎರಡು ಸುದ್ದಿ ಬಂತು. ಸೋಮವಾರ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ವೈದ್ಯಕೀಯ ನೊಬೆಲ್, ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಸೆಲ್‌ಗಳ ಬ್ರೇಕ್ ತೆಗೆಯುವ ದಾರಿ ತೋರಿಸಿದ್ದಕ್ಕೆ. ಬುಧವಾರ ಫ್ರಾನ್ಸಿಸ್ ಆರ್ನಾಲ್ಡ್, ಜಾರ್ಜ್ ಸ್ಮಿತ್ ಮತ್ತು ಗ್ರೆಗ್ ವಿಂಟರ್ ಅವರಿಗೆ ರಸಾಯನಶಾಸ್ತ್ರದ್ದು, ಪ್ರೋಟೀನ್‌ಗಳನ್ನು ಬೇಕಾದ ಹಾಗೆ ತಿದ್ದಿ ಬೆಳೆಸುವ ಕೆಲಸಕ್ಕೆ. ನಮ್ಮ ಕೆಲಸದ ಎರಡೂ ಕಡೆಗೆ ಮನ್ನಣೆ. ಆ ವಾರ ಲ್ಯಾಬಿನಲ್ಲಿ ಮೈಸೂರ್ ಪಾಕ್ ಹಂಚಿದ್ದೆವು, ಹುಡುಗರ ಮುಖ ಇನ್ನೂ ನೆನಪಿದೆ.

ನನಗೆ ತುಂಬ ಹತ್ತಿರದ ಕಥೆ ಬೇರೆ ಇದೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಅನ್ನುವ ಆರು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್ ಎರಡು ಸಲ ಮರುಕಳಿಸಿತ್ತು. ಅವಳದೇ ಟಿ ಸೆಲ್‌ಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಅನ್ನುವ ಪ್ರೋಟೀನನ್ನು ಗುರುತಿಸುವಂತೆ ಬದಲಿಸಿ ವಾಪಸ್ ಕೊಟ್ಟರು. ಇದೇ ಕಾರ್-ಟಿ ಚಿಕಿತ್ಸೆ. ರಕ್ತದ ಕ್ಯಾನ್ಸರಿಗೆ ಇದನ್ನು ಪಡೆದ ಮಕ್ಕಳಲ್ಲಿ ಅವಳೇ ಮೊದಲು. ಆದರೆ ಜ್ವರ ಏರಿತು, ಬಿಪಿ ಕುಸಿಯಿತು, ವೆಂಟಿಲೇಟರ್ ಹಾಕಿದರು. ಪರೀಕ್ಷೆಯಲ್ಲಿ ಐಎಲ್-6 ಅನ್ನುವ ಪ್ರೋಟೀನ್ ವಿಪರೀತ ಹೆಚ್ಚಾಗಿತ್ತು. ಅದನ್ನು ತಡೆಯುವ ಟೋಸಿಲಿಝುಮ್ಯಾಬ್ ಅನ್ನುವ ಕೀಲುನೋವಿನ ಔಷಧಿ, ಈ ಚಿಕಿತ್ಸೆ ರೂಪಿಸಿದ ತಂಡದ ಮುಖ್ಯಸ್ಥ ಕಾರ್ಲ್ ಜೂನ್ ಅವರಿಗೆ ಗೊತ್ತಿತ್ತು, ಯಾಕಂದ್ರೆ ಅವರ ಮಗಳಿಗೆ ಕೀಲುವಾತವಿತ್ತು. ಅದನ್ನು ಕೊಟ್ಟರು, ಹುಡುಗಿ ಬದುಕಿದಳು. ಆ ಔಷಧಿ ಜಪಾನಿನಲ್ಲಿ ತಡಾಮಿತ್ಸು ಕಿಶಿಮೊಟೊ ಅವರ ಕೆಲಸದಿಂದ ಬಂದದ್ದು. ಅದೂ ಇಲಿಯ ಆಂಟಿಬಾಡಿಯನ್ನೇ ಮನುಷ್ಯರಿಗೆ ಹೊಂದುವಂತೆ ತಿದ್ದಿದ್ದು! ಯಾರೋ ನನ್ನಂಥವರು ಯಾವುದೋ ಲ್ಯಾಬಿನಲ್ಲಿ ಕೂತು ಕುಣಿಕೆ ಕೂರಿಸಿದ್ದರು. ಆ ಹುಡುಗಿಯ ನೆನಪು ಅವರಿಗೆ ಎಲ್ಲಿಂದ ಬರಬೇಕು? ಅವಳಿನ್ನೂ ಹುಟ್ಟಿಯೇ ಇರಲಿಲ್ಲ.

ನಮ್ಮ ದೇಶದಲ್ಲೂ ಇದು ಆಯಿತು. ಐಐಟಿ ಬಾಂಬೆಯಲ್ಲಿ ರಾಹುಲ್ ಪುರ್ವಾರ್ ಅವರ ತಂಡ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರ ಜೊತೆ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಸಿಡಿ19 ಹಿಡಿಯುವ ತುದಿ ಇಲಿಯದ್ದಲ್ಲ, ಮನುಷ್ಯರದಕ್ಕೆ ಹೊಂದಿಸಿದ್ದು. ಹೊರದೇಶದ ಬೆಲೆಯ ಸುಮಾರು ಹತ್ತನೇ ಒಂದು ಪಾಲಿಗೆ ಸಿಗುತ್ತಿದೆ. ನಮ್ಮ ಜನಕ್ಕೆ ಅದೂ ಭಾರವೇ, ಇನ್ನೂ ಇಳಿಯಬೇಕು. ಆದರೂ ಆ ತಂಡಕ್ಕೆ ನಾನು ಕೈ ಮುಗಿಯುತ್ತೇನೆ. ಇಲ್ಲಿ ಆಗುವುದಿಲ್ಲ ಅನ್ನುವ ಮಾತನ್ನು ನಾನು ಜೀವನವಿಡೀ ಕೇಳಿದ್ದೆ.

ಎಲ್ಲಕ್ಕಿಂತ ದೊಡ್ಡ ಋಣ, ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಟ್ರಯಲ್‌ಗೆ ಒಪ್ಪಿದ ರೋಗಿಗಳದ್ದು. ಮೊದಲ ಹಂತದ ಟ್ರಯಲ್ ಮುಖ್ಯವಾಗಿ ಔಷಧಿ ಸುರಕ್ಷಿತವೇ, ಎಷ್ಟು ಡೋಸ್ ಕೊಡಬಹುದು ಅಂತ ನೋಡುವುದಕ್ಕೆ. ವಾಸಿಯಾಗುತ್ತೆ ಅನ್ನುವ ಭರವಸೆ ಯಾರೂ ಕೊಡುವುದಿಲ್ಲ. ಒಮ್ಮೆ ಆಸ್ಪತ್ರೆಗೆ ಹೋಗಿದ್ದಾಗ ಹಾವೇರಿ ಕಡೆಯ ಒಬ್ಬ ರೈತರು ಒಪ್ಪಿಗೆ ಪತ್ರ ಓದಿಸಿಕೊಳ್ಳುತ್ತಿದ್ದರು. ರಕ್ತ ಎಷ್ಟು ಸಲ ತೆಗೀತೀರಿ ಅನ್ನುವ ಭಾಗವನ್ನು ಎರಡನೇ ಸಲ ಓದಿಸಿದರು. ಕೊನೆಗೆ, "ಆತ್ರೀ, ಆದ್ರ ಬಿತ್ತಿಗಿ ವಾರದಾಗ ಕರೀಬ್ಯಾಡ್ರಿ, ಬಿತ್ತಿಗಿ ಮುಗಿಸಿ ಬರ್ತೀನಿ" ಅಂದು ಸಹಿ ಹಾಕಿದರು. ಬಿತ್ತನೆ ಮುಗಿಸಿ ಬಂದರು ಕೂಡ. ಅವರು ಈಗಿಲ್ಲ.

ನನ್ನ ಮೇಜಿಗೆ ಬರುತ್ತಿದ್ದದ್ದು ಹೆಸರಿಲ್ಲದ ಸಂಕೇತ ಸಂಖ್ಯೆಗಳು ಮಾತ್ರ. ಔಷಧಿ ರಕ್ತದಲ್ಲಿ ಎಷ್ಟು ದಿನ ಉಳಿಯಿತು ಅಂತ ತೋರಿಸುವ ಗೆರೆಗಳು. ಅದರಲ್ಲಿ ಅವರ ಗೆರೆ ಯಾವುದು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಎಷ್ಟು ವಾರಕ್ಕೊಮ್ಮೆ ಕೊಟ್ಟರೆ ಸಾಕು ಅಂತ ನಾವು ತಿಳಿದುಕೊಂಡಿದ್ದು ಆ ಗೆರೆಗಳಿಂದಲೇ. ಅವರ ಮನೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಹಿರಿಯರು ಕೊಟ್ಟ ರಕ್ತ ವ್ಯರ್ಥವಾಗಲಿಲ್ಲ ಅಂತ ತಿಳಿಯಿರಿ.

ಮನೆಯವರಿಗೆ ಎದುರಿಗೇ ಹೇಳಿದ್ದೇನೆ. ಅತ್ತೆಯವರ ಮಾತು ಮಾತ್ರ ಇಲ್ಲೂ ಇರಲಿ. ರಾತ್ರಿ ಹನ್ನೊಂದಕ್ಕೆ ಬೆಳೆಸಲು ಇಟ್ಟ ಜೀವಕೋಶಗಳ ಕಲ್ಚರ್ ನೋಡಲು ಲ್ಯಾಬಿಗೆ ಹೊರಟರೆ "ಮಗೂನ ನಾನು ಮಲಗಿಸ್ತೀನಿ, ನೀನು ನಿನ್ನ ಕೂಸುಗಳನ್ನ ನೋಡ್ಕೊಂಡು ಬಾ" ಅನ್ನುತ್ತಿದ್ದರು. ಅವರೊಬ್ಬರು ಹಾಗೆ ನಿಲ್ಲದಿದ್ದರೆ ನಾನು ಯಾವತ್ತೋ ಕೆಲಸ ಬಿಡುತ್ತಿದ್ದೆ.

ಲ್ಯಾಬಿನ ಹುಡುಗ ಹುಡುಗಿಯರಿಗೆ: ನಿಮ್ಮಿಂದ ನಾನು ಕಂಪ್ಯೂಟರಿನಲ್ಲಿ ಪ್ರೋಟೀನಿನ ರಚನೆ ಊಹಿಸುವುದನ್ನು ಕಲಿತೆ, ನನ್ನಿಂದ ನೀವು ಜೆಲ್ ನೋಡುವ ತಾಳ್ಮೆ ಕಲಿತಿರಿ ಅಂದುಕೊಂಡಿದ್ದೇನೆ. ಹಳೆಯ ನೋಟ್‌ಬುಕ್‌ಗಳನ್ನೆಲ್ಲ ಅಲ್ಲೇ ಬಿಟ್ಟಿದ್ದೇನೆ. ಮೈನಸ್ 80 ಫ್ರೀಝರಿನಲ್ಲಿ ಯಾವ ಡಬ್ಬಿಯಲ್ಲಿ ಯಾವ ಕ್ಲೋನ್ ಇದೆ ಅನ್ನುವ ಪಟ್ಟಿ ಬಾಗಿಲಿಗೆ ಅಂಟಿಸಿದೆ, ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಸಿಗದಿದ್ದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ.